ಒಂದೇ ರೋಗಾಣು, ಬೇರೆ ಬೇರೆ ತಳಿ: ಬಾಕ್ಸ್ ಮತ್ತು ಎರಿಕ್ ಪಿಸಿಆರ್‌ನಲ್ಲಿ ಬ್ಯಾಕ್ಟೀರಿಯಾದ ಬೆರಳಚ್ಚು ತೆಗೆಯುವ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆಯ ತೋಟದಲ್ಲಾಗಲಿ ಚಿತ್ರದುರ್ಗದ ತೋಟದಲ್ಲಾಗಲಿ, ದುಂಡಾಣು ಅಂಗಮಾರಿ ಬಿದ್ದ ದಾಳಿಂಬೆ ಕಾಯಿ ನೋಡುವುದಕ್ಕೆ ಒಂದೇ ಥರ: ಎಣ್ಣೆ ಸವರಿದಂತೆ ಕಾಣುವ ಚುಕ್ಕೆ, ಆಮೇಲೆ ಅದು ಕಪ್ಪಾಗಿ ಇಂಗ್ಲಿಷಿನ ಎಲ್ ಅಥವಾ ವೈ ಅಕ್ಷರದ ಹಾಗೆ ಬಿರುಕು. ಪ್ಲೇಟಿನ ಮೇಲೆ ಎರಡೂ ತಿಳಿ ಹಳದಿ ಲೋಳೆ. ಬ್ಯಾಕ್ಟೀರಿಯಾ ಯಾವುದೆಂದು ಗುರುತಿಸಲು ಬಳಸುವ 16ಎಸ್ ಜೀನ್ ಓದಿಸಿದರೆ ಎರಡೂ ಕ್ಸಾಂಥೊಮೊನಾಸ್ ಕುಲದವು. ಆದರೆ ಒಂದೇ ನರ್ಸರಿಯ ಸಸಿಗಳ ಜೊತೆ ಒಂದೇ ತಳಿ ಎರಡೂ ಕಡೆ ಹೋಯಿತೋ, ಅಲ್ಲಲ್ಲಿ ಮೊದಲೇ ಇದ್ದ ಬೇರೆ ಬೇರೆ ತಳಿಗಳು ಎದ್ದವೋ? ಈ ಪ್ರಶ್ನೆಗೆ 16ಎಸ್ ಉತ್ತರ ಕೊಡುವುದಿಲ್ಲ. ಜಾತಿಯೊಳಗಿನ ತಳಿಗಳ ನಡುವೆ ಆ ಜೀನ್ ಬದಲಾಗುವುದೇ ಅಪರೂಪ. ಇಲ್ಲಿ ಬೇಕಾದದ್ದು ಇಡೀ ಜೀನೋಮಿನ ಬೆರಳಚ್ಚು.

ಅಂಥ ಬೆರಳಚ್ಚನ್ನು ಥರ್ಮಲ್ ಸೈಕ್ಲರ್, ಉದ್ದದ ಜೆಲ್ ಟ್ಯಾಂಕ್ ಮತ್ತು ಒಂದು ಒಳ್ಳೆಯ ಕ್ಯಾಮೆರಾ ಇರುವ ಯಾವುದೇ ಕಾಲೇಜು ಪ್ರಯೋಗಾಲಯದಲ್ಲಿ ತೆಗೆಯಬಹುದು. ಇಲ್ಲಿ ವಿವರಿಸಿರುವುದು ರೆಪ್-ಪಿಸಿಆರ್ ಎನ್ನುವ ವಿಧಾನ: ಮತ್ತೆ ಮತ್ತೆ ಬರುವ ಅನುಕ್ರಮಗಳನ್ನು ಆಧಾರವಾಗಿಟ್ಟು ಪಿಸಿಆರ್‌ನಲ್ಲಿ ಡಿಎನ್‌ಎ ತುಂಡುಗಳನ್ನು ನಕಲು ಮಾಡುವುದು; ಬಾಕ್ಸ್ ಮತ್ತು ಎರಿಕ್ ಪಿಸಿಆರ್ ಇದರದ್ದೇ ರೂಪಗಳು. ಉದಾಹರಣೆಗೆ ತೆಗೆದುಕೊಂಡಿರುವುದು ದಾಳಿಂಬೆಯ ರೋಗಾಣು ಕ್ಸಾಂಥೊಮೊನಾಸ್ ಆಕ್ಸೊನೊಪೊಡಿಸ್ ಪ್ಯಾಥೊವಾರ್ (ನಿರ್ದಿಷ್ಟ ಬೆಳೆಗೆ ರೋಗ ತರುವ ಉಪಗುಂಪು) ಪ್ಯೂನಿಸೆ. ಇದೇ ಕ್ರಮ ರೈಜೋಬಿಯಂಗೂ ಟೊಮೆಟೊ ಸೊರಗು ರೋಗದ ರಾಲ್‌ಸ್ಟೋನಿಯಾಕ್ಕೂ ಆಗುತ್ತದೆ. ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾ ಆದರೆ ಕೋಶಭಿತ್ತಿ ಒಡೆಯಲು ಲೈಸೊಜೈಮ್ ಹಂತವೊಂದು ಹೆಚ್ಚಿಗೆ ಬೇಕು.

ಬೆರಳಚ್ಚು ಎಲ್ಲಿಂದ ಬರುತ್ತದೆ

ಬ್ಯಾಕ್ಟೀರಿಯಾದ ಜೀನೋಮಿನಲ್ಲಿ ಕೆಲವು ಸಣ್ಣ ಅನುಕ್ರಮಗಳು ಅಲ್ಲಲ್ಲಿ ಮತ್ತೆ ಮತ್ತೆ ಬರುತ್ತವೆ. ಬಾಕ್ಸ್ ಎನ್ನುವುದು ಮೊದಲು ಸಿಕ್ಕಿದ್ದು ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆಯಲ್ಲಿ; 59, 45, 50 ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಮೂರು ತುಂಡು ಸೇರಿ ಒಟ್ಟು 154 ಬೇಸ್. ಎರಿಕ್ ಎನ್ನುವುದು ಸುಮಾರು 126 ಬೇಸ್ ಉದ್ದ, ಇ. ಕೊಲೈ ಮತ್ತು ಸಾಲ್ಮೊನೆಲ್ಲಾ ಗುಂಪಿನಲ್ಲಿ ಗುರುತಿಸಿದ್ದು. ರೆಪ್ ಎನ್ನುವ ಮೂರನೆಯದು ಇನ್ನೂ ಚಿಕ್ಕದು, 40 ಬೇಸಿನ ಒಳಗೆ. ಈ ಪುನರಾವರ್ತನೆಗಳಿಂದ ಹೊರಮುಖವಾಗಿ ಪ್ರೈಮರ್ (ನಕಲು ಶುರುವಾಗಲು ಅಂಟಿಕೊಳ್ಳುವ ಸಣ್ಣ ಡಿಎನ್‌ಎ ತುಂಡು) ಇಟ್ಟು ಪಿಸಿಆರ್ ನಡೆಸಿದರೆ ಎರಡು ಪುನರಾವರ್ತನೆಗಳ ನಡುವಿನ ಭಾಗ ವೃದ್ಧಿಯಾಗುತ್ತದೆ. ಆ ಅಂತರಗಳು ತಳಿಯಿಂದ ತಳಿಗೆ ಬೇರೆಯಾಗಿರುವುದರಿಂದ ಜೆಲ್‌ನಲ್ಲಿ ಬ್ಯಾಂಡುಗಳ ಸಾಲೂ ಬೇರೆಯಾಗುತ್ತದೆ. 1991ರಲ್ಲಿ ವರ್ಸಲೋವಿಕ್, ಕೋಯುತ್ ಮತ್ತು ಲುಪ್‌ಸ್ಕಿ ರೆಪ್ ಮತ್ತು ಎರಿಕ್ ಪ್ರೈಮರುಗಳಿಂದ ಇದನ್ನು ತೋರಿಸಿದರು. 1994ರಲ್ಲಿ ಲೌಸ್ ಮತ್ತು ಸಂಗಡಿಗರು ಕ್ಸಾಂಥೊಮೊನಾಸ್ ಮತ್ತು ಸ್ಯೂಡೊಮೊನಾಸ್ ಗುಂಪಿನ ಸಸ್ಯರೋಗಾಣುಗಳಿಗೆ ಮೂರೂ ಪ್ರೈಮರುಗಳನ್ನು ಹಚ್ಚಿ ನೋಡಿದರು.

ಮುಂದಿನ ಎಲ್ಲ ಹಂತಗಳ ಹಿಂದೆಯೂ ಒಂದೇ ಮಾತಿದೆ: ಬೆರಳಚ್ಚಿನ ಬೆಲೆ ಇರುವುದು ಹೋಲಿಕೆಯಲ್ಲಿ. ಎರಡು ತಳಿ ಬೇರೆ ಎನ್ನುವ ಮೊದಲು, ಒಂದೇ ತಳಿಯನ್ನು ಎರಡು ಬಾರಿ ಓಡಿಸಿದರೆ ಎಷ್ಟು ಬೇರೆ ಕಾಣುತ್ತದೆ ಎಂಬುದು ಗೊತ್ತಿರಬೇಕು. ಅದು ಗೊತ್ತಿಲ್ಲದೆ ಬರೆದ ಡೆಂಡ್ರೊಗ್ರಾಮ್ (ಹೋಲಿಕೆಯ ಪ್ರಕಾರ ತಳಿಗಳನ್ನು ಕೊಂಬೆಗಳಂತೆ ಜೋಡಿಸಿದ ಚಿತ್ರ) ಎಷ್ಟು ಚೆಂದವಿದ್ದರೂ ನಂಬುವ ಹಾಗಿಲ್ಲ.

ಮಾದರಿ ಮತ್ತು ಶುದ್ಧ ಕಲ್ಚರ್

ಒಂದು ತೋಟದಿಂದ ಕನಿಷ್ಠ ಐದು ಬೇರೆ ಗಿಡಗಳ ಮಾದರಿ ತನ್ನಿ. ಒಂದೇ ಗಿಡದ ಹತ್ತು ಎಲೆಯಿಂದ ಹತ್ತು ಐಸೊಲೇಟ್ (ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾ) ತೆಗೆದರೆ ಅಂಕಿ ಬೆಳೆಯುತ್ತದೆ, ಮಾಹಿತಿ ಬೆಳೆಯುವುದಿಲ್ಲ. ಊರು, ದಿನಾಂಕ, ದಾಳಿಂಬೆಯ ತಳಿ (ಭಗವಾ, ಗಣೇಶ್ ಇತ್ಯಾದಿ), ಎಲೆಯೋ ಕಾಂಡವೋ ಕಾಯಿಯೋ, ಸಸಿ ಎಲ್ಲಿಂದ ಬಂತು, ಇಷ್ಟನ್ನೂ ಕವರಿನ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಮಾದರಿ ಕಾಗದದ ಕವರಿನಲ್ಲಿರಲಿ. ಪ್ಲಾಸ್ಟಿಕ್‌ನಲ್ಲಿ ಬೆವರಿ ಕೊಳೆಯುತ್ತದೆ, ಕೊಳೆತ ಎಲೆಯಲ್ಲಿ ಬೇರೆ ಬ್ಯಾಕ್ಟೀರಿಯಾ ಮೇಲುಗೈ ಆಗುತ್ತವೆ.

ಚುಕ್ಕೆಯ ಅಂಚಿನಲ್ಲಿ ರೋಗ ಮತ್ತು ಹಸಿರು ಎರಡೂ ಬರುವಂತೆ 3ರಿಂದ 5 ಮಿಲಿಮೀಟರ್ ತುಂಡು ಕತ್ತರಿಸಿ. 1% ಸೋಡಿಯಂ ಹೈಪೊಕ್ಲೋರೈಟ್‌ನಲ್ಲಿ 30 ಸೆಕೆಂಡ್ ಅದ್ದಿ, ಕ್ರಿಮಿಶುದ್ಧ ನೀರಿನಲ್ಲಿ ಮೂರು ಸಲ ತೊಳೆಯಿರಿ. 100 ಮೈಕ್ರೊಲೀಟರ್ ನೀರಿನ ಹನಿಯಲ್ಲಿಟ್ಟು ಬ್ಲೇಡಿನಿಂದ ಕೊಚ್ಚಿ 15 ನಿಮಿಷ ಬಿಡಿ. ಬ್ಯಾಕ್ಟೀರಿಯಾ ನೀರಿಗೆ ಇಳಿಯುತ್ತದೆ. ಆ ನೀರನ್ನು ನ್ಯೂಟ್ರಿಯೆಂಟ್ ಗ್ಲೂಕೋಸ್ ಅಗರ್ ಮೇಲೆ ಗೀಚಿ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ 72ರಿಂದ 96 ಗಂಟೆ ಇಡಿ.

ಹೊಸಬರು ಎಡವುವುದು ಇಲ್ಲೇ. ಮರುದಿನವೇ ದಟ್ಟ ಹಳದಿ ಕಾಲೊನಿ ಕಂಡರೆ ಖುಷಿಪಡಬೇಡಿ. ಎಲೆಯ ಮೇಲೆ ಸಹಜವಾಗಿ ಬದುಕುವ ಪ್ಯಾಂಟಿಯಾದಂಥ ಬ್ಯಾಕ್ಟೀರಿಯಾ ಕೂಡ ಹಳದಿಯೇ, ಮತ್ತು ಅವು 24 ಗಂಟೆಯಲ್ಲಿ ಪ್ಲೇಟ್ ತುಂಬುತ್ತವೆ. ನಮಗೆ ಬೇಕಾದ ರೋಗಾಣು ನಿಧಾನವಾಗಿ, ಮೂರನೆಯ ದಿನದ ಹೊತ್ತಿಗೆ ತಿಳಿ ಹಳದಿಯಾಗಿ, ಉಬ್ಬಿ, ಲೋಳೆಯಾಗಿ ಬರುತ್ತದೆ. ಒಂಟಿ ಕಾಲೊನಿಯನ್ನು ಎರಡು ಸಲ ಮತ್ತೆ ಗೀಚಿ ಶುದ್ಧಗೊಳಿಸಿ. ಆಮೇಲೆ ಆರೋಗ್ಯವಂತ ದಾಳಿಂಬೆ ಸಸಿಗೆ ಸಿಂಪಡಿಸಿ ಅದೇ ಚುಕ್ಕೆ ಬರುತ್ತದೆಯೇ ನೋಡಿ, ಅಥವಾ ಆ ರೋಗಾಣುವಿಗೇ ಹೊಂದುವ ಪ್ರೈಮರಿನಿಂದ ಖಚಿತಪಡಿಸಿಕೊಳ್ಳಿ. ಜಾತಿ ಖಚಿತವಾಗದ ಐಸೊಲೇಟ್ ಸೇರಿಸಿದರೆ ಡೆಂಡ್ರೊಗ್ರಾಮ್‌ನಲ್ಲಿ ಅದೊಂದು ದೂರದ ಕೊಂಬೆಯಾಗಿ ನಿಂತು "ಅಪಾರ ವೈವಿಧ್ಯ" ಎಂಬ ಸುಳ್ಳು ತೀರ್ಮಾನಕ್ಕೆ ದಾರಿಯಾಗುತ್ತದೆ. ಖಚಿತವಾದವನ್ನು 25% ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಗೆ ಹಾಕಿಡಿ. ತಿಂಗಳುಗಟ್ಟಲೆ ಸ್ಲಾಂಟ್‌ನಿಂದ ಸ್ಲಾಂಟ್‌ಗೆ ದಾಟಿಸಿದ ಕಲ್ಚರ್‌ ಬಳಸಬೇಡಿ.

ಡಿಎನ್‌ಎ ತೆಗೆಯುವುದು: ಲೋಳೆಯ ಜೊತೆ ಹೋರಾಟ

ಕ್ಸಾಂಥೊಮೊನಾಸ್‌ನ ಲೋಳೆ ಎಂದರೆ ಕ್ಸಾಂಥನ್, ಅಂಗಡಿಯ ಸಾಸ್ ಬಾಟಲಿಯಲ್ಲಿ ಗಟ್ಟಿ ಬರಿಸಲು ಹಾಕುವ ಕ್ಸಾಂಥನ್ ಗಮ್ ಇದೇ ಕುಲದ ಬ್ಯಾಕ್ಟೀರಿಯಾದ್ದು. ಡಿಎನ್‌ಎ ಜೊತೆ ಅದೂ ಬಂದರೆ ಪಾಲಿಮರೇಸ್ ಕೆಲಸ ಮಾಡುವುದಿಲ್ಲ. ಕಾಲೊನಿಯನ್ನೇ ಕುದಿಸಿ ನೇರವಾಗಿ ಪಿಸಿಆರ್‌ಗೆ ಹಾಕುವ ಸುಲಭದ ದಾರಿ ಇ. ಕೊಲೈಗೆ ನಡೆಯುತ್ತದೆ, ಇಲ್ಲಿ ಬೆರಳಚ್ಚು ದಿನಕ್ಕೊಂದು ಥರ ಬರುತ್ತದೆ. ಹಾಗಾಗಿ ಸಿಟಿಎಬಿ ಎಂಬ ಸಾಬೂನಿನಂಥ ರಾಸಾಯನಿಕ ಬಳಸುವ ವಿಧಾನ.

ಪ್ಲೇಟಿಗೆ ಗ್ಲೂಕೋಸ್ ಇರಲಿ, ಡಿಎನ್‌ಎಗೆಂದು ಬೆಳೆಸುವ ಬ್ರಾತ್‌ನಲ್ಲಿ ಬೇಡ. ಸಕ್ಕರೆ ಹೆಚ್ಚಾದಷ್ಟೂ ಲೋಳೆ ಹೆಚ್ಚು. ಬರಿಯ ನ್ಯೂಟ್ರಿಯೆಂಟ್ ಬ್ರಾತ್‌ನಲ್ಲಿ 28 ಡಿಗ್ರಿಗೆ, 150 ಆರ್‌ಪಿಎಂ ಶೇಕರ್‌ನಲ್ಲಿ 24ರಿಂದ 30 ಗಂಟೆ ಸಾಕು.

1. 1.5 ಮಿಲಿಲೀಟರ್ ಕಲ್ಚರನ್ನು 2 ಮಿಲಿಲೀಟರ್ ಟ್ಯೂಬಿಗೆ ಹಾಕಿ ಸೆಂಟ್ರಿಫ್ಯೂಜ್ ಮಾಡಿ. ಟ್ಯೂಬ್ 2 ಮಿಲಿಲೀಟರಿನದ್ದೇ ಆಗಿರಲಿ; ಮುಂದೆ ಕ್ಲೋರೋಫಾರಂ ಸೇರಿದಾಗ ಒಟ್ಟು ಗಾತ್ರ 1.56 ಮಿಲಿಲೀಟರ್ ಆಗುತ್ತದೆ, ಸಣ್ಣ ಟ್ಯೂಬ್ ಉಕ್ಕುತ್ತದೆ.
2. ಪೆಲೆಟ್ಟನ್ನು 1 ಮಿಲಿಲೀಟರ್ 0.85% ಉಪ್ಪುನೀರಿನಲ್ಲಿ ಎರಡು ಸಲ ತೊಳೆಯಿರಿ. ಮೇಲಿನ ದ್ರವ ಚೆಲ್ಲುವಾಗ ಪೆಲೆಟ್ ಜಾರಿ ಬರುತ್ತಿದ್ದರೆ ಲೋಳೆ ಇನ್ನೂ ಇದೆ ಎಂದರ್ಥ; ಒಂದು ಸಲ 1 ಮೋಲಾರ್ ಸೋಡಿಯಂ ಕ್ಲೋರೈಡ್‌ನಲ್ಲಿ ತೊಳೆಯಿರಿ.
3. 567 ಮೈಕ್ರೊಲೀಟರ್ ಟಿಇ ಬಫರ್‌ನಲ್ಲಿ (10 ಮಿಲಿಮೋಲಾರ್ ಟ್ರಿಸ್, 1 ಮಿಲಿಮೋಲಾರ್ ಇಡಿಟಿಎ, ಪಿಎಚ್ 8.0) ಗಂಟಿಲ್ಲದಂತೆ ಕರಗಿಸಿ. 10% ಎಸ್‌ಡಿಎಸ್ 30 ಮೈಕ್ರೊಲೀಟರ್, 20 ಮಿಲಿಗ್ರಾಂ/ಮಿಲಿಲೀಟರ್ ಪ್ರೋಟಿನೇಸ್ ಕೆ 3 ಮೈಕ್ರೊಲೀಟರ್ ಸೇರಿಸಿ 37 ಡಿಗ್ರಿಯಲ್ಲಿ 1 ಗಂಟೆ ಇಡಿ. ಮೋಡ ಕವಿದಂತಿದ್ದದ್ದು ತಿಳಿಯಾಗಿ, ಟ್ಯೂಬ್ ಓರೆ ಮಾಡಿದರೆ ಎಳೆಎಳೆಯಾಗಿ ಹರಿಯಬೇಕು.
4. 5 ಮೋಲಾರ್ ಸೋಡಿಯಂ ಕ್ಲೋರೈಡ್ 100 ಮೈಕ್ರೊಲೀಟರ್ ಹಾಕಿ ಚೆನ್ನಾಗಿ ಬೆರೆಸಿ. ನಂತರವೇ 80 ಮೈಕ್ರೊಲೀಟರ್ ಸಿಟಿಎಬಿ ದ್ರಾವಣ. 65 ಡಿಗ್ರಿಯಲ್ಲಿ 10 ನಿಮಿಷ.
5. ಸಮಪ್ರಮಾಣ, ಅಂದರೆ 780 ಮೈಕ್ರೊಲೀಟರ್, ಕ್ಲೋರೋಫಾರಂ–ಐಸೊಅಮೈಲ್ ಆಲ್ಕೊಹಾಲ್ (24:1) ಹಾಕಿ ಮೆಲ್ಲಗೆ ತಿರುಗಿಸಿ, 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ನಡುವೆ ನಿಲ್ಲುವ ಬಿಳಿ ಪೊರೆಯೇ ಸಿಟಿಎಬಿ ಹಿಡಿದ ಲೋಳೆ ಮತ್ತು ಪ್ರೋಟೀನ್. ಮೇಲಿನ ದ್ರವವನ್ನಷ್ಟೇ ತೆಗೆಯಿರಿ. ಕೊನೆಯ 50 ಮೈಕ್ರೊಲೀಟರ್ ಬಿಟ್ಟುಬಿಡಿ. ಅದಕ್ಕೆ ಆಸೆಪಟ್ಟರೆ ಪೊರೆಯೂ ಬರುತ್ತದೆ.
6. ಫೀನಾಲ್–ಕ್ಲೋರೋಫಾರಂ–ಐಸೊಅಮೈಲ್ ಆಲ್ಕೊಹಾಲ್ (25:24:1) ಜೊತೆ ಇನ್ನೊಂದು ಸಲ. ಇದು ಫ್ಯೂಮ್ ಹುಡ್ ಒಳಗೇ ಆಗಬೇಕು.
7. ಮೇಲಿನ ದ್ರವಕ್ಕೆ 0.6 ಪಾಲು ಐಸೊಪ್ರೊಪನಾಲ್. ಟ್ಯೂಬ್ ತಲೆಕೆಳಗು ಮಾಡುತ್ತಿದ್ದಂತೆ ಹತ್ತಿಯ ಎಳೆಯಂತೆ ಡಿಎನ್‌ಎ ಕಾಣುತ್ತದೆ. ಸೆಂಟ್ರಿಫ್ಯೂಜ್, 70% ಎಥನಾಲ್‌ನಲ್ಲಿ ತೊಳೆತ, ಒಣಗಿಸುವುದು, 100 ಮೈಕ್ರೊಲೀಟರ್ ಟಿಇಯಲ್ಲಿ ಕರಗಿಸುವುದು. ಪೂರ್ತಿ ಬಿರುಕುಬಿಡುವಷ್ಟು ಒಣಗಿಸಿದರೆ ಮತ್ತೆ ಕರಗಲು ಸತಾಯಿಸುತ್ತದೆ.
8. 10 ಮಿಲಿಗ್ರಾಂ/ಮಿಲಿಲೀಟರ್ ಆರ್‌ಎನ್‌ಏಸ್ 2 ಮೈಕ್ರೊಲೀಟರ್, 37 ಡಿಗ್ರಿಯಲ್ಲಿ 30 ನಿಮಿಷ.

ನಾಲ್ಕನೆಯ ಹಂತದ ಅನುಕ್ರಮವನ್ನು ತಪ್ಪಿಸಬೇಡಿ. ಉಪ್ಪು 0.5 ಮೋಲಾರ್‌ಗಿಂತ ಹೆಚ್ಚಿದ್ದಾಗ ಸಿಟಿಎಬಿ ಲೋಳೆ ಮತ್ತು ಪ್ರೋಟೀನನ್ನು ಹಿಡಿದು ಡಿಎನ್‌ಎಯನ್ನು ದ್ರಾವಣದಲ್ಲಿ ಬಿಡುತ್ತದೆ. ಉಪ್ಪು ಅದಕ್ಕಿಂತ ಕಡಿಮೆಯಾದರೆ ಡಿಎನ್‌ಎಯನ್ನೂ ಕೆಳಗಿಳಿಸುತ್ತದೆ. ನಿಮ್ಮ ಡಿಎನ್‌ಎ ಬಿಳಿ ಪೊರೆಯ ಜೊತೆ ಸಿಂಕ್ ಸೇರುತ್ತದೆ. 600 ಮೈಕ್ರೊಲೀಟರಿಗೆ 5 ಮೋಲಾರ್‌ನ 100 ಸೇರಿದಾಗ ಸುಮಾರು 0.7 ಮೋಲಾರ್ ಆಗುತ್ತದೆ. ಸಿಟಿಎಬಿ ದ್ರಾವಣವೂ ಅಷ್ಟೇ ಉಪ್ಪಿನದ್ದು: 80 ಮಿಲಿಲೀಟರ್ ನೀರಿನಲ್ಲಿ 4.1 ಗ್ರಾಂ ಸೋಡಿಯಂ ಕ್ಲೋರೈಡ್ ಕರಗಿಸಿ, ಬಿಸಿ ಮಾಡುತ್ತ 10 ಗ್ರಾಂ ಸಿಟಿಎಬಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, 100 ಮಿಲಿಲೀಟರಿಗೆ ತುಂಬಿಸಿ. ಚಳಿಗಾಲದ ಬೆಳಗ್ಗೆ ಅದು ಬಾಟಲಿಯಲ್ಲೇ ಹರಳುಗಟ್ಟಿರುತ್ತದೆ, 65 ಡಿಗ್ರಿಗೆ ಕಾಯಿಸಿ ಕರಗಿಸಿಕೊಂಡೇ ಅಳೆಯಿರಿ.

ಆರ್‌ಎನ್‌ಏಸ್ ಹಂತ ಬಿಟ್ಟರೆ ಏನಾಗುತ್ತದೆ ಎಂದರೆ, ಡಿಎನ್‌ಎ ಅಳೆಯಲು 260 ನ್ಯಾನೊಮೀಟರ್ ಬೆಳಕಿನಲ್ಲಿ ತೆಗೆಯುವ ಓದು ಆರ್‌ಎನ್‌ಎಯನ್ನೂ ಎಣಿಸಿಕೊಳ್ಳುತ್ತದೆ. 50 ನ್ಯಾನೊಗ್ರಾಂ ಎಂದು ಹಾಕಿದ್ದು ನಿಜಕ್ಕೂ 10 ಇರಬಹುದು. 260/280 ಅನುಪಾತ 1.8ರಿಂದ 2.0 ಇರಲಿ. 260/230 ಅನುಪಾತವನ್ನು ಹಲವರು ನೋಡುವುದೇ ಇಲ್ಲ; ಈ ಕೆಲಸಕ್ಕೆ ಅದೇ ಮುಖ್ಯ. ಅದು 1.5ಕ್ಕಿಂತ ಕೆಳಗಿದ್ದರೆ ಲೋಳೆ ಅಥವಾ ಫೀನಾಲ್ ಉಳಿದಿದೆ. 0.8% ಜೆಲ್‌ನಲ್ಲಿ ಡಿಎನ್‌ಎ ಒಂದೇ ದಪ್ಪ ಬ್ಯಾಂಡಾಗಿ ಮೇಲ್ಗಡೆ ನಿಂತಿರಬೇಕು. ಬಾಲದಂತೆ ಕೆಳಗೆ ಇಳಿದಿದ್ದರೆ ಒಡೆದಿದೆ. ದೊಡ್ಡ ಬ್ಯಾಂಡುಗಳು ಬರುವುದಿಲ್ಲ. ಎಲ್ಲ ಮಾದರಿಗಳನ್ನೂ 50 ನ್ಯಾನೊಗ್ರಾಂ/ಮೈಕ್ರೊಲೀಟರಿಗೆ ಸಮ ಮಾಡಿಕೊಳ್ಳಿ.

ಪ್ರೈಮರ್ ಮತ್ತು ಮಿಶ್ರಣ

ಬಾಕ್ಸ್‌ಗೆ ಒಂದೇ ಪ್ರೈಮರ್ ಸಾಕು, ಬಾಕ್ಸ್-ಎ1ಆರ್. 5 ಪ್ರೈಮ್ ತುದಿಯಿಂದ ಅದರ 22 ಅಕ್ಷರ: ಸಿಟಿಎ ಸಿಜಿಜಿ ಸಿಎಎ ಜಿಜಿಸಿ ಜಿಎಸಿ ಜಿಸಿಟಿ ಜಿಎಸಿ ಜಿ. ಎರಿಕ್‌ಗೆ ಜೋಡಿ ಬೇಕು. ಎರಿಕ್-1ಆರ್: ಎಟಿಜಿ ಟಿಎಎ ಜಿಸಿಟಿ ಸಿಸಿಟಿ ಜಿಜಿಜಿ ಜಿಎಟಿ ಟಿಸಿಎ ಸಿ. ಎರಿಕ್-2: ಎಎಜಿ ಟಿಎಎ ಜಿಟಿಜಿ ಎಸಿಟಿ ಜಿಜಿಜಿ ಜಿಟಿಜಿ ಎಜಿಸಿ ಜಿ. ಒಂದೇ ಒಂದು ವಿಧಾನಕ್ಕೆ ಕೈ ಹಾಕುವುದಾದರೆ ಬಾಕ್ಸ್‌ನಿಂದ ಶುರು ಮಾಡಿ. ಬ್ಯಾಂಡುಗಳು ಹೆಚ್ಚು, ಮರುಕಳಿಕೆಯೂ ಚೆನ್ನ.

25 ಮೈಕ್ರೊಲೀಟರಿನ ಒಂದು ಬಾಕ್ಸ್ ಕ್ರಿಯೆಗೆ:

- 10 ಪಟ್ಟು ಬಫರ್ (15 ಮಿಲಿಮೋಲಾರ್ ಮೆಗ್ನೀಸಿಯಂ ಇರುವಂಥದ್ದು): 2.5 ಮೈಕ್ರೊಲೀಟರ್
- 25 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್: 1.5
- ಡಿಎನ್‌ಟಿಪಿ, ಪ್ರತಿಯೊಂದೂ 10 ಮಿಲಿಮೋಲಾರ್: 0.5
- 10 ಮೈಕ್ರೊಮೋಲಾರ್ ಪ್ರೈಮರ್: 2.5
- ಡಿಎಂಎಸ್‌ಒ: 1.25
- 20 ಮಿಲಿಗ್ರಾಂ/ಮಿಲಿಲೀಟರ್ ಬಿಎಸ್‌ಎ: 0.2
- ಟ್ಯಾಕ್ ಪಾಲಿಮರೇಸ್, 5 ಯೂನಿಟ್/ಮೈಕ್ರೊಲೀಟರ್: 0.4
- ಡಿಎನ್‌ಎ: 1
- ನೀರು: 15.15

ಎರಿಕ್ ಆದರೆ ಎರಡೂ ಪ್ರೈಮರ್ 2.5ರಂತೆ ಹಾಕಿ ನೀರನ್ನು 12.65ಕ್ಕೆ ಇಳಿಸಿ. ಮೆಗ್ನೀಸಿಯಂ ಒಟ್ಟು 3 ಮಿಲಿಮೋಲಾರ್ ಆಗುತ್ತದೆ, ಸಾಮಾನ್ಯ ಪಿಸಿಆರ್‌ಗಿಂತ ಹೆಚ್ಚು. ಪುನರಾವರ್ತನೆಗಳು ಪ್ರೈಮರಿಗೆ ಅಕ್ಷರಶಃ ಹೊಂದುವುದಿಲ್ಲವಾದ್ದರಿಂದ ಅಂಟಿಕೊಳ್ಳಲು ಅಷ್ಟು ಬೇಕು. ಕ್ಸಾಂಥೊಮೊನಾಸ್ ಜೀನೋಮಿನಲ್ಲಿ ಜಿ ಮತ್ತು ಸಿ ಅಕ್ಷರಗಳೇ ಸುಮಾರು 65%. ಆ ಬಿಗಿ ಸಡಿಲಿಸಲು ಡಿಎಂಎಸ್‌ಒ. ಆದರೆ 10% ಮೀರಿದರೆ ಅದೇ ಪಾಲಿಮರೇಸನ್ನು ಕುಗ್ಗಿಸುತ್ತದೆ. ಬಿಎಸ್‌ಎ ಉಳಿದ ಅಲ್ಪಸ್ವಲ್ಪ ಕಶ್ಮಲವನ್ನು ಹೀರಿಕೊಳ್ಳಲು.

ಟ್ಯೂಬಿಗೊಂದು ಸಲ ಬೆರೆಸಬೇಡಿ. ಮಾದರಿಗಳ ಸಂಖ್ಯೆಗೆ ಎರಡು ಹೆಚ್ಚಿಗೆ ಸೇರಿಸಿ ಡಿಎನ್‌ಎ ಬಿಟ್ಟು ಉಳಿದೆಲ್ಲವನ್ನೂ ಒಟ್ಟಿಗೆ ಮಂಜುಗಡ್ಡೆಯ ಮೇಲೆ ಬೆರೆಸಿ, 24 ಮೈಕ್ರೊಲೀಟರಿನಂತೆ ಹಂಚಿ. 0.2 ಮೈಕ್ರೊಲೀಟರನ್ನು ಇಪ್ಪತ್ತು ಸಲ ಒಂದೇ ಸಮನಾಗಿ ಅಳೆಯುವ ಕೈ ಯಾರಿಗೂ ಇಲ್ಲ. ಇಡೀ ಅಧ್ಯಯನಕ್ಕೆ ಒಂದೇ ಬ್ಯಾಚಿನ ಟ್ಯಾಕ್ ಕೊಂಡಿಟ್ಟುಕೊಳ್ಳಿ; ಕಂಪನಿ ಬದಲಾದರೆ ಬ್ಯಾಂಡುಗಳ ದಪ್ಪ ಬದಲಾಗುತ್ತದೆ, ಕೆಲವೊಮ್ಮೆ ಸಂಖ್ಯೆಯೂ.

ಪ್ರತಿ ಓಟದಲ್ಲೂ ನಾಲ್ಕು ಕಾವಲು ಟ್ಯೂಬುಗಳಿರಬೇಕು: ಡಿಎನ್‌ಎ ಇಲ್ಲದ ಒಂದು, ಎಲ್ಲ ಓಟದಲ್ಲೂ ಬರುವ ಒಂದು ಸ್ಥಿರ ತಳಿ, ಒಂದೇ ಡಿಎನ್‌ಎಯ ಎರಡನೆಯ ಟ್ಯೂಬ್, ಮತ್ತು ಅದೇ ಐಸೊಲೇಟಿನಿಂದ ಬೇರೆ ದಿನ ಪ್ರತ್ಯೇಕವಾಗಿ ತೆಗೆದ ಡಿಎನ್‌ಎ. ಕೊನೆಯದನ್ನು ಬಿಡುವವರೇ ಹೆಚ್ಚು, ವಿಧಾನದ ನಿಜವಾದ ಅಲುಗಾಟ ಕಾಣುವುದು ಅದರಲ್ಲೇ.

ಸೈಕ್ಲರ್

95 ಡಿಗ್ರಿಯಲ್ಲಿ 7 ನಿಮಿಷ. ನಂತರ 30 ಸುತ್ತು: 94 ಡಿಗ್ರಿ 30 ಸೆಕೆಂಡ್, ಬಾಕ್ಸ್‌ಗೆ 53 ಡಿಗ್ರಿ ಅಥವಾ ಎರಿಕ್‌ಗೆ 52 ಡಿಗ್ರಿ 1 ನಿಮಿಷ, 65 ಡಿಗ್ರಿ 8 ನಿಮಿಷ. ಕೊನೆಗೆ 65 ಡಿಗ್ರಿಯಲ್ಲಿ 16 ನಿಮಿಷ.

ಲೆಕ್ಕ ಹಾಕಿದರೆ ತಾಪ ಏರಿಳಿಯುವ ಹೊತ್ತು ಬಿಟ್ಟೇ 5 ಗಂಟೆ 8 ನಿಮಿಷ. ಇದನ್ನು ನೋಡಿ 8 ನಿಮಿಷವನ್ನು 72 ಡಿಗ್ರಿಯ 1 ನಿಮಿಷಕ್ಕೆ ಇಳಿಸುವ ಆಸೆ ಬರುತ್ತದೆ. ಇಳಿಸಿದರೆ 1,500 ಬೇಸಿನ ಮೇಲಿನ ಬ್ಯಾಂಡುಗಳು ಸೊರಗುತ್ತವೆ. ಒಂದೇ ಟ್ಯೂಬಿನಲ್ಲಿ 300ರಿಂದ 4,000 ಬೇಸ್ ತನಕದ ಹತ್ತಿಪ್ಪತ್ತು ತುಂಡುಗಳು ಪೈಪೋಟಿಯಲ್ಲಿ ಬೆಳೆಯುತ್ತಿರುತ್ತವೆ, ದೊಡ್ಡವಕ್ಕೆ ಸಮಯ ಕೊಡಲೇಬೇಕು. ಸುತ್ತುಗಳನ್ನು 40ಕ್ಕೆ ಏರಿಸುವುದೂ ತಪ್ಪು. ಬ್ಯಾಂಡಿನ ನಡುವೆ ಮಸುಕು ತುಂಬುತ್ತದೆ. ಸೈಕ್ಲರಿಗೆ ಯುಪಿಎಸ್ ಇರಲಿ. ನಡುವೆ ಕರೆಂಟ್ ಹೋಗಿ ಯಂತ್ರ ನಿಂತಿದ್ದರೆ ಮುಂದುವರಿಸದೆ ಆ ಓಟವನ್ನು ಚೆಲ್ಲಿ.

ಜೆಲ್

ಬೆರಳಚ್ಚಿನ ಜೆಲ್ ಉದ್ದವಿರಬೇಕು. 7 ಸೆಂಟಿಮೀಟರಿನ ಪುಟ್ಟ ಜೆಲ್‌ನಲ್ಲಿ 1,000 ಮತ್ತು 1,050 ಬೇಸಿನ ಬ್ಯಾಂಡುಗಳು ಒಂದೇ ಗೆರೆಯಾಗುತ್ತವೆ. 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ಟ್ರೇಗೆ 150 ಮಿಲಿಲೀಟರ್ 1.5% ಅಗರೋಸ್ (2.25 ಗ್ರಾಂ) ಹೊಯ್ದರೆ 5 ಮಿಲಿಮೀಟರ್ ದಪ್ಪ ಬರುತ್ತದೆ. 0.5 ಪಟ್ಟು ಟಿಬಿಇಯಲ್ಲೇ ಕರಗಿಸಿ, ಟ್ಯಾಂಕಿಗೂ ಅದೇ ಸಲ ತಯಾರಿಸಿದ ಬಫರ್ ಹಾಕಿ. 60 ಡಿಗ್ರಿಗೆ ತಣಿದ ಮೇಲೆ, ಮಟ್ಟಸವಾದ ಮೇಜಿನ ಮೇಲೆ ಹೊಯ್ಯಿರಿ.

10 ಮೈಕ್ರೊಲೀಟರ್ ಪಿಸಿಆರ್ ದ್ರವಕ್ಕೆ 2 ಮೈಕ್ರೊಲೀಟರ್ 6 ಪಟ್ಟು ಡೈ. 1 ಕಿಲೊಬೇಸ್ ಲ್ಯಾಡರ್ (ಉದ್ದ ಗೊತ್ತಿರುವ ಡಿಎನ್‌ಎ ತುಂಡುಗಳ ಅಳತೆಗೋಲು) ಎರಡೂ ತುದಿಯಲ್ಲಿ ಮತ್ತು ನಡುವೆ ಆರೇಳು ಲೇನಿಗೊಮ್ಮೆ. ಹೋಲಿಸಬೇಕಾದ ಮಾದರಿಗಳನ್ನು ಪಕ್ಕಪಕ್ಕ ಇಡಿ. ಎಲೆಕ್ಟ್ರೋಡುಗಳ ನಡುವಿನ ಪ್ರತಿ ಸೆಂಟಿಮೀಟರಿಗೆ 3 ವೋಲ್ಟ್ ಮೀರದಂತೆ ಓಡಿಸಿ, ಬ್ರೋಮೊಫಿನಾಲ್ ನೀಲಿ ತುದಿಗೆ 1.5 ಸೆಂಟಿಮೀಟರ್ ಉಳಿದಾಗ ನಿಲ್ಲಿಸಿ. ಆರೇಳು ಗಂಟೆ ಹಿಡಿಯುತ್ತದೆ. ವೋಲ್ಟ್ ಏರಿಸಿದರೆ ಜೆಲ್ ನಡುವೆ ಬಿಸಿಯಾಗಿ ಅಲ್ಲಿನ ಬ್ಯಾಂಡುಗಳು ಮುಂದೋಡುತ್ತವೆ. ಒಂದೇ ತಳಿ ನಡುವಿನ ಲೇನಿನಲ್ಲೂ ಅಂಚಿನ ಲೇನಿನಲ್ಲೂ ಬೇರೆಯಾಗಿ ಕಾಣುತ್ತದೆ.

ಎಥಿಡಿಯಂ ಬ್ರೋಮೈಡನ್ನು ಜೆಲ್ ಒಳಗೆ ಹಾಕದೆ ಓಟ ಮುಗಿದ ಮೇಲೆ ಹಚ್ಚಿ: 0.5 ಮೈಕ್ರೊಗ್ರಾಂ/ಮಿಲಿಲೀಟರ್ ದ್ರಾವಣದಲ್ಲಿ 30 ನಿಮಿಷ, ನೀರಿನಲ್ಲಿ 20 ನಿಮಿಷ. ಅದು ಡಿಎನ್‌ಎಗೆ ಎದುರು ದಿಕ್ಕಿನಲ್ಲಿ ಚಲಿಸುವುದರಿಂದ ಒಳಗೇ ಹಾಕಿದರೆ ಸಣ್ಣ ಬ್ಯಾಂಡುಗಳಿರುವ ಕಡೆ ಬಣ್ಣ ಖಾಲಿಯಾಗುತ್ತದೆ. ಡಿಎನ್‌ಎ ಕೆಡಿಸುವ ವಸ್ತುವದು, ನೈಟ್ರೈಲ್ ಗ್ಲೌಸ್ ಹಾಕಿ, ತ್ಯಾಜ್ಯವನ್ನು ಸಿಂಕಿಗೆ ಬಿಡಬೇಡಿ. ಚಿತ್ರವನ್ನು ಟಿಫ್ ಕಡತವಾಗಿ ಉಳಿಸಿ. ಯಾವ ಬ್ಯಾಂಡೂ ಬೆಳಕಿನಲ್ಲಿ ಪೂರ್ತಿ ಬಿಳಿಯಾಗಿ ಉರಿದುಹೋಗದಂತೆ ಎಕ್ಸ್‌ಪೋಶರ್ ಇರಲಿ.

ಕೆಟ್ಟರೆ ಎಲ್ಲಿ ನೋಡಬೇಕು

ಲೇನ್ ಪೂರ್ತಿ ಖಾಲಿ: ಮೊದಲು ಡಿಎನ್‌ಎಯನ್ನು 10 ಮತ್ತು 50 ಪಟ್ಟು ತೆಳು ಮಾಡಿ ಹಾಕಿ. ತೆಳು ಮಾಡಿದ್ದರಲ್ಲಿ ಬ್ಯಾಂಡ್ ಬಂದರೆ ಅಡ್ಡಿಯಾಗಿದ್ದದ್ದು ಲೋಳೆಯೇ. ಲೇನ್ ತುಂಬ ಮಸುಕು: ಡಿಎನ್‌ಎ ಅತಿಯಾಗಿದೆ ಅಥವಾ ಸುತ್ತು ಹೆಚ್ಚಾಗಿದೆ. ಮೇಲಿನ ಬ್ಯಾಂಡುಗಳು ಮಾತ್ರ ಇಲ್ಲ: ಡಿಎನ್‌ಎ ಒಡೆದಿದೆ, ಅಥವಾ 65 ಡಿಗ್ರಿಯ ಹಂತವನ್ನು ಯಾರೋ ಮೊಟಕುಗೊಳಿಸಿದ್ದಾರೆ.

ಡಿಎನ್‌ಎ ಇಲ್ಲದ ಟ್ಯೂಬಿನಲ್ಲಿ ಬ್ಯಾಂಡ್ ಬಂದರೆ ನೀರು, ಪ್ರೈಮರ್, ಪಿಪೆಟ್ ಎಲ್ಲವನ್ನೂ ಶಂಕಿಸಿ, ಜೊತೆಗೆ ಟ್ಯಾಕನ್ನೂ. ಆ ಕಿಣ್ವವನ್ನು ಸಾಮಾನ್ಯವಾಗಿ ಇ. ಕೊಲೈಯಲ್ಲಿ ತಯಾರಿಸುವುದರಿಂದ ಅದರ ಡಿಎನ್‌ಎಯ ಚೂರು ಉಳಿದಿರಬಹುದು, ಎರಿಕ್ ಪ್ರೈಮರಿಗೆ ಇ. ಕೊಲೈ ತವರುಮನೆ. ಬೇರೆ ಬ್ಯಾಚ್ ತಂದು ನೋಡಿ. ಆ ಬ್ಯಾಂಡ್ ಬಂದ ಓಟದ ಫಲಿತಾಂಶವನ್ನು ಎಣಿಸಬೇಡಿ.

ಬ್ಯಾಂಡ್ ಓದುವುದು

ಪ್ರತಿ ಐಸೊಲೇಟಿಗೆ ಎರಡು ಸ್ವತಂತ್ರ ಪಿಸಿಆರ್. ಎರಡರಲ್ಲೂ ಬಂದ ಬ್ಯಾಂಡಿಗೆ ಮಾತ್ರ 1, ಉಳಿದಕ್ಕೆ 0. 300 ಬೇಸಿಗಿಂತ ಕೆಳಗಿನದನ್ನು ಬಿಡಿ. ಗೆಲ್‌ಜೆ, ಪೈಎಲ್ಫ್‌ನಂಥ ಉಚಿತ ತಂತ್ರಾಂಶಗಳು ಲ್ಯಾಡರಿಗೆ ಹೊಂದಿಸಿ ಲೇನುಗಳನ್ನು ನೇರ ಮಾಡಿಕೊಡುತ್ತವೆ. ಬ್ಯಾಂಡ್ ಸ್ಥಾನದ ಸಡಿಲಿಕೆಯನ್ನು 1%ರಷ್ಟು ಇಟ್ಟು, ಸ್ಥಿರ ತಳಿಯ ಲೇನುಗಳು ಒಂದಕ್ಕೊಂದು ಕೂರುತ್ತವೆಯೇ ಎಂದು ನೋಡಿ ಹೊಂದಿಸಿಕೊಳ್ಳಿ.

ಹೋಲಿಕೆಗೆ ಡೈಸ್ ಗುಣಾಂಕ: ಸಮಾನ ಬ್ಯಾಂಡುಗಳ ಎರಡರಷ್ಟನ್ನು ಎರಡೂ ಲೇನುಗಳ ಒಟ್ಟು ಬ್ಯಾಂಡಿನಿಂದ ಭಾಗಿಸಿದ್ದು. ಒಂದು ಐಸೊಲೇಟಿನಲ್ಲಿ 14 ಬ್ಯಾಂಡ್, ಇನ್ನೊಂದರಲ್ಲಿ 13, ಎರಡರಲ್ಲೂ ಇರುವವು 12 ಎಂದುಕೊಳ್ಳಿ. 24ನ್ನು 27ರಿಂದ ಭಾಗಿಸಿದರೆ 0.889. ಇದೇ ಅಂಕಿಗಳಿಗೆ ಜಕಾರ್ಡ್ ಗುಣಾಂಕ 12ನ್ನು 15ರಿಂದ ಭಾಗಿಸಿ 0.80 ಕೊಡುತ್ತದೆ. ಹಾಗಾಗಿ "89% ಹೋಲಿಕೆ" ಎಂದಷ್ಟೇ ಬರೆದರೆ ಅರ್ಥವಿಲ್ಲ, ಯಾವ ಗುಣಾಂಕ ಎಂದೂ ಬರೆಯಿರಿ. ನಂತರ ಯುಪಿಜಿಎಂಎ ಎಂಬ, ಸರಾಸರಿ ಹೋಲಿಕೆಯಿಂದ ಗುಂಪು ಮಾಡುವ ಲೆಕ್ಕದಿಂದ ಡೆಂಡ್ರೊಗ್ರಾಮ್ ಬರೆಯಿರಿ.

ಈಗ ಕಾವಲು ಟ್ಯೂಬುಗಳ ಕಡೆ ನೋಡಿ. ಬೇರೆ ದಿನ ತೆಗೆದ ಅದೇ ಐಸೊಲೇಟಿನ ಎರಡು ಲೇನುಗಳು 0.93ರಲ್ಲಿ ಕೂಡಿದರೆ, ಈ ಪ್ರಯೋಗಾಲಯದಲ್ಲಿ, ಈ ಓಟದಲ್ಲಿ ಹೋಲಿಕೆ 0.93ಕ್ಕಿಂತ ಮೇಲಿದ್ದಾಗ ಕಾಣುವ ವ್ಯತ್ಯಾಸಕ್ಕೆ ಬೆಲೆಯಿಲ್ಲ. ಗೆರೆಯನ್ನು ಅದಕ್ಕಿಂತ ಕೆಳಗೇ ಎಳೆಯಬೇಕು. ಮೇಲಿನ 0.889ರ ಜೋಡಿ ಆಗ ಬೇರೆ ಎನಿಸಿಕೊಳ್ಳುತ್ತದೆ. ಕಾವಲು ಲೇನುಗಳೇ 0.87ರಲ್ಲಿ ಕೂಡಿದ್ದರೆ ಅದೇ ಜೋಡಿಯನ್ನು ಬೇರೆ ಎನ್ನುವಂತಿಲ್ಲ. ಇನ್ನೊಬ್ಬರ ಪ್ರಬಂಧದಿಂದ 80% ಎಂಬ ಗೆರೆಯನ್ನು ಎತ್ತಿಕೊಂಡು ಬರುವ ರೂಢಿ ಬಿಡಿ.

ಇನ್ನೊಂದು ಸಾಮಾನ್ಯ ತಪ್ಪು, 1995ರ ಟೆನೋವರ್ ಮಾನದಂಡವನ್ನು ಇಲ್ಲಿ ಹಚ್ಚುವುದು. ಎರಡು ಮೂರು ಬ್ಯಾಂಡ್ ವ್ಯತ್ಯಾಸವಿದ್ದರೆ ಹತ್ತಿರದ ಸಂಬಂಧ, ಏಳು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೇರೆ ಎಂಬ ಆ ನಿಯಮ ಪಲ್ಸ್ಡ್ ಫೀಲ್ಡ್ ಜೆಲ್ ಎಂಬ ಬೇರೆ ವಿಧಾನಕ್ಕೆ ಮಾಡಿದ್ದು. ಅಲ್ಲಿ ಒಂದು ರೂಪಾಂತರದಿಂದ ಎಷ್ಟು ಬ್ಯಾಂಡ್ ಸ್ಥಳ ಬದಲಿಸುತ್ತದೆ ಎಂಬ ಲೆಕ್ಕವಿದೆ. ರೆಪ್-ಪಿಸಿಆರ್‌ಗೆ ಆ ಲೆಕ್ಕ ಹೊಂದುವುದಿಲ್ಲ.

ವಿಧಾನ ಎಷ್ಟು ಚೂಪು ಎಂದು ಅಳೆಯಲು 1988ರ ಹಂಟರ್–ಗ್ಯಾಸ್ಟನ್ ಸೂಚ್ಯಂಕವಿದೆ. 20 ಐಸೊಲೇಟುಗಳು 12, 5, 2, 1ರಂತೆ ನಾಲ್ಕು ಬೆರಳಚ್ಚು ಗುಂಪುಗಳಾದವು ಎನ್ನಿ. 12×11, 5×4, 2×1, 1×0 ಕೂಡಿದರೆ 154. ಇದನ್ನು 20×19, ಅಂದರೆ 380ರಿಂದ ಭಾಗಿಸಿ 1ರಿಂದ ಕಳೆದರೆ 0.595. ಸಾಮಾನ್ಯವಾಗಿ 0.90ರ ಮೇಲಿರಬೇಕು ಎನ್ನುತ್ತಾರೆ. ಆದರೆ ಸಸಿಗಳ ಮೂಲಕ ಹರಡುವ ರೋಗಾಣುವಿನಲ್ಲಿ ಒಂದೇ ತಳಿ ಊರೆಲ್ಲ ಹಬ್ಬಿದ್ದರೆ ಸೂಚ್ಯಂಕ ಸಹಜವಾಗಿಯೇ ಕೆಳಗಿರುತ್ತದೆ. ವಿಧಾನ ಮೊಂಡೋ, ರೋಗಾಣುವೇ ಏಕರೂಪಿಯೋ ಎಂದು ತಿಳಿಯಲು ನಿಂಬೆ ಕಜ್ಜಿ ರೋಗದ ಕ್ಸಾಂಥೊಮೊನಾಸ್‌ನಂಥ ಹತ್ತಿರದ ಆದರೆ ಬೇರೆಯ ತಳಿಯೊಂದನ್ನು ಪ್ರತಿ ಜೆಲ್‌ನಲ್ಲೂ ಇಡಿ. ಅದು ಸ್ಪಷ್ಟವಾಗಿ ಬೇರ್ಪಟ್ಟರೆ ವಿಧಾನ ಕೆಲಸ ಮಾಡುತ್ತಿದೆ.

ಬಾಕ್ಸ್‌ಗೆ ನಿಲುಕದ್ದು

ಎರಡು ಐಸೊಲೇಟುಗಳ ಬಾಕ್ಸ್ ಬೆರಳಚ್ಚು ಒಂದೇ ಆದರೆ "ಬಾಕ್ಸ್‌ನಿಂದ ಬೇರ್ಪಡಲಿಲ್ಲ" ಎಂದು ಬರೆಯಬೇಕು, "ಒಂದೇ ತಳಿ" ಎಂದಲ್ಲ. ಎರಿಕ್ ಮತ್ತು ರೆಪ್ ಸೇರಿಸಿ ಮೂರರ ಬ್ಯಾಂಡುಗಳನ್ನೂ ಒಂದೇ ಕೋಷ್ಟಕಕ್ಕೆ ತಂದರೆ ತೀರ್ಮಾನ ಗಟ್ಟಿಯಾಗುತ್ತದೆ. ಒಂದೇ ಎತ್ತರದ ಎರಡು ಬ್ಯಾಂಡುಗಳು ಬೇರೆ ಬೇರೆ ಜಾಗದ ತುಂಡುಗಳೂ ಆಗಿರಬಹುದು, ಆದ್ದರಿಂದ ಈ ಡೆಂಡ್ರೊಗ್ರಾಮನ್ನು ವಂಶವೃಕ್ಷ ಎಂದು ಓದಬೇಡಿ. ರೋಗ ಯಾವ ತೋಟದಿಂದ ಯಾವ ತೋಟಕ್ಕೆ ಹೋಯಿತು ಎಂಬ ದಿಕ್ಕನ್ನೂ ಇದು ಹೇಳುವುದಿಲ್ಲ.

ಬೇರೆ ದಾರಿಗಳಲ್ಲಿ ಆರ್‌ಎಪಿಡಿ ಅಗ್ಗ, ಆದರೆ 36 ಡಿಗ್ರಿ ಆಸುಪಾಸಿನಲ್ಲಿ 10 ಅಕ್ಷರದ ಪ್ರೈಮರ್ ಅಂಟಿಸುವ ಕಾರಣ ಒಂದು ಪ್ರಯೋಗಾಲಯದ ಫಲ ಇನ್ನೊಂದರಲ್ಲಿ ಬರುವುದು ಕಷ್ಟ. ಹೊಸದಾಗಿ ಶುರು ಮಾಡುವವರಿಗೆ ಅದನ್ನು ಸೂಚಿಸುವುದಿಲ್ಲ. ಪಲ್ಸ್ಡ್ ಫೀಲ್ಡ್ ಜೆಲ್ ಇಡೀ ಜೀನೋಮನ್ನು ಅಪರೂಪಕ್ಕೆ ಕತ್ತರಿಸುವ ಕಿಣ್ವದಿಂದ ತುಂಡರಿಸಿ 18–19 ಗಂಟೆ ಓಡಿಸುವಂಥದ್ದು. ಅಮೆರಿಕದ ಪಲ್ಸ್‌ನೆಟ್ ಎಂಬ ಪ್ರಯೋಗಾಲಯಗಳ ಜಾಲ 1996ರಿಂದ ಆಹಾರದಿಂದ ಹರಡುವ ಸಾಲ್ಮೊನೆಲ್ಲಾ, ಇ. ಕೊಲೈ ಪತ್ತೆಗೆ ಅದನ್ನೇ ನಂಬಿತ್ತು. ಎಲ್ಲ ಪ್ರಯೋಗಾಲಯಗಳೂ ಪ್ರತಿ ಜೆಲ್‌ನಲ್ಲೂ ಸಾಲ್ಮೊನೆಲ್ಲಾ ಬ್ರೇಂಡರಪ್ ಎಚ್9812 ಎಂಬ ಒಂದೇ ತಳಿಯನ್ನು ಎಕ್ಸ್‌ಬಿಎ-1 ಕಿಣ್ವದಿಂದ ಕತ್ತರಿಸಿ ಅಳತೆಗೋಲಾಗಿ ಇಡುತ್ತಿದ್ದರು, ಹಾಗಾಗಿಯೇ ದೂರದ ಊರುಗಳ ಜೆಲ್‌ಗಳನ್ನು ಹೋಲಿಸಲು ಸಾಧ್ಯವಾಯಿತು. 2019ರಲ್ಲಿ ಆ ಜಾಲವೂ ಪೂರ್ಣ ಜೀನೋಮ್ ಓದಿಗೆ ಬದಲಾಯಿತು. ಏಳು ಜೀನ್‌ಗಳ ಅನುಕ್ರಮ ಹೋಲಿಸುವ ಎಂಎಲ್‌ಎಸ್‌ಟಿ 1998ರಿಂದ ಇದೆ. ಅದರ ಫಲಿತಾಂಶ ಅಕ್ಷರಗಳಲ್ಲಿರುವುದರಿಂದ ಯಾವ ದೇಶದವರ ಜೊತೆಗೂ ಹೋಲಿಸಬಹುದು, ಆದರೆ ಏಕರೂಪಿ ರೋಗಾಣುವಿನಲ್ಲಿ ಏಳೂ ಜೀನ್ ಒಂದೇ ಇರುವುದುಂಟು.

ಮೂರು ಪ್ರೈಮರಿಗೂ ಬೇರ್ಪಡದ ಐಸೊಲೇಟುಗಳನ್ನು ಪೂರ್ಣ ಜೀನೋಮ್ ಓದಿಗೆ ಕಳಿಸುವುದು ಈಗಿನ ಸರಿಯಾದ ದಾರಿ. ಈ ರೋಗಾಣುವಿನ ಜೀನೋಮ್ ಸುಮಾರು 50 ಲಕ್ಷ ಬೇಸ್. 50 ಪಟ್ಟು ಆಳದ ಓದಿಗೆ 25 ಕೋಟಿ ಬೇಸಿನ ಡೇಟಾ ಸಾಕು. ಎಲ್ಲವನ್ನೂ ಕಳಿಸುವ ಬದಲು ಬಾಕ್ಸ್ ಗುಂಪಿನಿಂದ ಒಂದೆರಡನ್ನು ಆರಿಸಿದರೆ ಖರ್ಚು ಹಿಡಿತದಲ್ಲಿರುತ್ತದೆ. ಮೇಲಿನ ಸಿಟಿಎಬಿ ಡಿಎನ್‌ಎಯೇ ಅದಕ್ಕೂ ಆಗುತ್ತದೆ. ಕಳಿಸುವ ಮುನ್ನ ಫ್ಲೋರೋಮೀಟರ್‌ನಲ್ಲಿ ಮತ್ತೊಮ್ಮೆ ಅಳೆದು, 260/230 ನೋಡಿ, ಅರ್ಧವನ್ನು ಐಸೊಲೇಟ್ ಸಂಖ್ಯೆ ಮತ್ತು ತೆಗೆದ ದಿನಾಂಕ ಬರೆದು ಮೈನಸ್ 20 ಡಿಗ್ರಿಯಲ್ಲಿ ಇಟ್ಟುಕೊಳ್ಳಿ.